ಸಿಂಬಿ ಇಟ್ಟಾಗ ನಿಲ್ಲುತ್ತಿದ್ದ ಲೋಕ

ನಮ್ಮ ಮನೆಯಲ್ಲಿ ಡಿಗ್ರಿ ಆಗುವ ಮಾತೇ ಇಲ್ಲ ಅಂದವರು ನಮ್ಮ ದೊಡ್ಡಪ್ಪ. ಬೇರೆಯವರು ಮನಸ್ಸಿನಲ್ಲಿ ಅಂದುಕೊಂಡಿರಬಹುದು. ಬಾಯಿಬಿಟ್ಟು, ಅಂಗಡಿ ಮುಂದೆ, ಗಿರಾಕಿಗಳು ಕೊತ್ತಂಬರಿ ಆರಿಸುತ್ತಿರುವಾಗ ಅಂದವರು ಅವರೊಬ್ಬರೇ.

"ಪಿಯುಸಿ ಆಯ್ತಲ್ಲ, ಸಾಕ್ ಬಿಡು. ನಮ್ಮ ಪೈಕಿ ಯಾರ್ ಡಿಗ್ರಿ ಮಾಡವ್ರೆ? ನನ್ ಮಗ ಎರಡ್ ಸಲ ಸೇರ್ದ, ಎರಡ್ ಸಲಾನೂ ಬಿಟ್ಟ. ಅವನ ಕೈಲಿ ಆಗ್ದೇ ಇದ್ದಿದ್ದು ಇವಳ ಕೈಲಿ ಆಗುತ್ತಾ? ಆಗಲ್ಲ, ಬರ್ಕೊ."

ಅಪ್ಪ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದವರು ತಲೆ ಎತ್ತಲಿಲ್ಲ. ಮನೆಗೆ ಬಂದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಮೂರ್ ವರ್ಷ. ನಾಲ್ಕನೇದು ಅಂತ ಕೇಳ್ಬೇಡ. ಫೇಲಾದ್ರೂ, ಹುಷಾರ್ ತಪ್ಪಿದ್ರೂ, ಏನೇ ಆದ್ರೂ ಮೂರೇ. ಆಮೇಲೆ ಅಂಗಡಿ."

ಒಪ್ಪಿಕೊಂಡೆ. ಮೂರು ವರ್ಷ ಸಿಕ್ಕಿದ್ದೇ ಹೆಚ್ಚು ಅನ್ನಿಸಿತ್ತು.

ನಮ್ಮ ಅಂಗಡಿ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿದೆ. ಒಂದೇ ಮಳಿಗೆಗೆ ಮಧ್ಯೆ ಹಲಗೆ ಹೊಡೆದು ಎರಡು ಮಾಡಿಕೊಂಡಿದ್ದೇವೆ. ಎಡಕ್ಕೆ ಅಪ್ಪನ ಸೊಪ್ಪು, ಬಲಕ್ಕೆ ದೊಡ್ಡಪ್ಪನ ಈರುಳ್ಳಿ, ಆಲೂಗಡ್ಡೆ. ಶಟರ್ ಮಾತ್ರ ಇಬ್ಬರಿಗೂ ಒಂದೇ. ಬೆಳಿಗ್ಗೆ ಮಾರ್ಕೆಟ್‌ನಿಂದ ಬರುವ ಟೆಂಪೊ ನಮ್ಮ ಗಲ್ಲಿಯೊಳಗೆ ತಿರುಗುವುದಿಲ್ಲ. ಮೇನ್ ರೋಡಿನಲ್ಲೇ ಇಳಿಸಿ ಹೋಗುತ್ತದೆ. ಅಲ್ಲಿಂದ ಅಂಗಡಿಯವರೆಗೆ ತಲೆಹೊರೆ. ಕಾಲೇಜಿಗೆ ಹೊರಡುವ ಮುಂಚೆ ನಾನೂ ನಾಲ್ಕೈದು ಬುಟ್ಟಿ ಹೊರುತ್ತಿದ್ದೆ.

ಹೊರುವುದನ್ನು ಕಲಿಸಿದವಳು ಅಜ್ಜಿ, ಅಪ್ಪನ ತಾಯಿ. ಅವಳು ಬಸವನಗುಡಿಯ ಬೀದಿ ಬೀದಿಯಲ್ಲಿ ಸೊಪ್ಪಿನ ಬುಟ್ಟಿ ಹೊತ್ತು ಇಬ್ಬರು ಗಂಡುಮಕ್ಕಳನ್ನು ಸಾಕಿದವಳು. ಹಳೇ ಸೀರೆಯ ತುಂಡನ್ನು ಹಗ್ಗದ ಹಾಗೆ ಹೊಸೆದು, ಬಳೆಯಂತೆ ಸುತ್ತಿ ತಲೆಯ ಮೇಲಿಟ್ಟುಕೊಂಡರೆ ಅದೇ ಸಿಂಬಿ. ಅದರ ಮೇಲೆ ಬುಟ್ಟಿ ಕೂರುತ್ತದೆ. ಕೈ ಹಿಡಿಯಬೇಕಾಗಿಲ್ಲ. ಅಜ್ಜಿಗೆ ಸಿಂಬಿ ಬರೀ ಹೊರುವ ಸಾಮಾನಲ್ಲ, ಔಷಧಿ. ಯಾರಿಗಾದರೂ ತಲೆ ಸುತ್ತಿ ಬಂದರೆ ಸಿಂಬಿಯನ್ನು ಒದ್ದೆ ಮಾಡಿ ತಲೆಗಿಟ್ಟು, ಅದರ ಮೇಲೆ ಒಂದಿಷ್ಟು ಭಾರ ಇಟ್ಟು ನಿಲ್ಲಿಸುತ್ತಾಳೆ. "ಭಾರ ಬಿದ್ರೆ ತಲೆ ತನ್ ಜಾಗಕ್ ಬತ್ತದೆ" ಅನ್ನುವುದು ಅವಳ ಲೆಕ್ಕ. ಬಾಣಂತಿ ಅಮ್ಮನನ್ನೂ ಹಾಗೆ ನಿಲ್ಲಿಸಿದ್ದಳಂತೆ. ನಾವು ನಗುತ್ತಿದ್ದೆವು.

ನಾನು ಸೇರಿದ್ದು ಮಲ್ಲೇಶ್ವರದ ಒಂದು ಕಾಲೇಜಿಗೆ, ಬಿ.ಎಸ್ಸಿ., ಪ್ರಾಣಿಶಾಸ್ತ್ರ ಒಂದು ವಿಷಯ. ಮಾರ್ಕೆಟ್ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದು ನಡೆಯುತ್ತಿದ್ದೆ. ಪುಸ್ತಕಗಳೆಲ್ಲ ಅವೆನ್ಯೂ ರಸ್ತೆಯ ಸೆಕೆಂಡ್ ಹ್ಯಾಂಡ್. ನನಗಿಂತ ಮುಂಚೆ ಓದಿದ ಯಾರೋ ಹಸಿರು ಪೆನ್ನಿನಲ್ಲಿ ಗೆರೆ ಹಾಕಿದ್ದರು. ಅವರು ಗೆರೆ ಹಾಕಿದ್ದನ್ನೇ ನಾನು ಮುಖ್ಯ ಅಂದುಕೊಂಡು ಓದುತ್ತಿದ್ದೆ. ಇಂಗ್ಲಿಷು ಮೊದಲ ವರ್ಷವೆಲ್ಲ ಕಣ್ಣೀರು ಹಾಕಿಸಿತು. ಒಂದು ಪುಟಕ್ಕೆ ಒಂದು ಸಂಜೆ ಹೋಗುತ್ತಿತ್ತು. ಆದರೆ ಚಿತ್ರ ಬರೆಯುವುದರಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ. ಅದರಲ್ಲೂ ಕಿವಿಯ ಚಿತ್ರ. ಹೊರಗಿನ ಹಾಲೆ, ಒಳಗೆ ಸಾಗುವ ದಾರಿ, ಕೊನೆಯಲ್ಲಿ ಬಿಗಿದು ಕಟ್ಟಿದ ತಮಟೆ. ಅದಕ್ಕೆ ಆನಿಸಿಕೊಂಡು ಸುತ್ತಿಗೆ, ಅಡಿಗಲ್ಲು, ರಿಕಾಪು ಅನ್ನುವ ಮೂರು ಪುಟ್ಟ ಮೂಳೆಗಳು. ಸದ್ದು ಬಂದಾಗ ತಮಟೆ ನಡುಗುತ್ತದೆ, ಮೂಳೆಗಳು ಆ ನಡುಕವನ್ನು ದೊಡ್ಡದು ಮಾಡಿ ಒಳಗೆ ತಳ್ಳುತ್ತವೆ. ಒಳಗೆ ಬಸವನಹುಳದ ಚಿಪ್ಪಿನ ಹಾಗೆ ಸುತ್ತಿಕೊಂಡ ಕೊಳವೆ, ಅದರ ತುಂಬ ನೀರು. ನೀರು ಅಲುಗಿದರೆ ಅದರಲ್ಲಿರುವ ಸೂಕ್ಷ್ಮ ಕೂದಲುಗಳು ಬಾಗುತ್ತವೆ, ಬಾಗಿದ್ದೇ ನರಕ್ಕೆ ಸುದ್ದಿ. ಇಷ್ಟನ್ನೂ ನಾನು ನಿದ್ದೆಯಲ್ಲಿ ಎಬ್ಬಿಸಿದರೂ ಬರೆಯುತ್ತಿದ್ದೆ. ಚಿತ್ರದ ಮೇಲ್ಭಾಗದಲ್ಲಿ ಮೂರು ಅರ್ಧವೃತ್ತದ ಉಂಗುರಗಳಿರುತ್ತವೆ, ಸಮತೋಲನಕ್ಕೆ. ಹಸಿರು ಪೆನ್ನಿನವರು ಅಲ್ಲಿ ಗೆರೆ ಹಾಕಿರಲಿಲ್ಲ. ನಾನೂ ಹೆಸರು ಬರೆದು ಮುಂದೆ ಹೋಗುತ್ತಿದ್ದೆ.

ಕೊನೆಯ ಸೆಮಿಸ್ಟರ್. ಪ್ರಾಕ್ಟಿಕಲ್ ಪರೀಕ್ಷೆಗೆ ಇನ್ನೂ ಐದು ವಾರ. ಅಟ್ಟದ ಮೇಲಿದ್ದ ಪುಸ್ತಕ ತೆಗೆಯಲು ಕತ್ತು ಎತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗೋಡೆ ಹರಿಯಲು ಶುರುವಾಯಿತು. ಹರಿಯಿತು ಅನ್ನುವುದಕ್ಕಿಂತ ಬೇರೆ ಮಾತು ನನಗೆ ಸಿಕ್ಕಿಲ್ಲ. ಕ್ಯಾಲೆಂಡರು, ಗಡಿಯಾರ, ಅಮ್ಮನ ಸೀರೆ ನೇತುಹಾಕಿದ ಗೂಟ, ಎಲ್ಲ ಒಂದೇ ಕಡೆಗೆ ಓಡುತ್ತಿದ್ದವು, ಓಡಿ ಓಡಿ ಅಲ್ಲಲ್ಲೇ ಇದ್ದವು. ನೆಲ ಹಿಡಿದುಕೊಂಡೆ. ನೆಲವೂ ಓಡುತ್ತಿತ್ತು. ಅರ್ಧ ನಿಮಿಷವಿರಬಹುದು. ನಿಂತಿತು. ಎಲ್ಲವೂ ಮೊದಲಿನ ಹಾಗೆ. ಏನಾಯಿತು ಅಂತ ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಏನು ಹೇಳುತ್ತಿದ್ದೆನೋ.

ಮಾರನೇ ದಿನ ಪುಸ್ತಕದ ಮೇಲೆ ಬಾಗಿ ಗೆರೆ ಹಾಕುವಾಗ ಮತ್ತೆ ಬಂತು. ಓದಿ ಮುಗಿಸಿ ಮಲಗಿ ಬಲಕ್ಕೆ ಮಗ್ಗುಲಾದರೆ ಬಂತು. ಬೆಳಿಗ್ಗೆ ಏಳುವಾಗ ಬಂತು. ವಾಂತಿಯೂ ಆಯಿತು. ಗಲ್ಲಿಯ ಕ್ಲಿನಿಕ್ಕಿನ ಡಾಕ್ಟರು ಬಿಪಿ ನೋಡಿ, ಸರಿಯಾಗಿದೆ, ಗ್ಯಾಸ್ ಇರಬೇಕು, ಹೊತ್ತಿಗೆ ಸರಿಯಾಗಿ ಊಟ ಮಾಡು ಅಂದರು. ಊಟ ಮಾಡಿದೆ. ತಿರುಗುವುದು ನಿಲ್ಲಲಿಲ್ಲ.

ನಾನು ವಿಜ್ಞಾನ ಓದುತ್ತಿರುವವಳು. ಕೂತು ಯೋಚಿಸಿದೆ. ಕಿವಿಯ ಅನುಮಾನ ನನಗೆ ಬಂದಿರಲಿಲ್ಲ ಅನ್ನುವಂತಿಲ್ಲ. ಬಂತು. ಅದಕ್ಕೇ ಪರೀಕ್ಷೆ ಮಾಡಿದೆ. ಕಣ್ಣು ಮುಚ್ಚಿ ಬಾಗಿಲಲ್ಲಿ ಕೂತು ಕೇಳಿಸಿಕೊಂಡೆ. ಮೂಲೆಮನೆಯ ಲೇತ್ ಮಿಷನ್ನಿನ ಕೊರೆತ, ಮಸೀದಿಯ ಬಾಂಗು, ಇಸ್ತ್ರಿಯವನು ಬಟ್ಟೆಗೆ ನೀರು ಚಿಮುಕಿಸುವ ಸದ್ದು, ಎರಡು ಬೀದಿ ಆಚೆ ದೇವಸ್ಥಾನದ ಗಂಟೆ. ಬಲಗಿವಿ ಮುಚ್ಚಿ ಕೇಳಿದೆ, ಎಡಗಿವಿ ಮುಚ್ಚಿ ಕೇಳಿದೆ. ಎಲ್ಲ ಸ್ಪಷ್ಟ. ಕಿವಿ ಸರಿಯಾಗಿದೆ ಅಂತ ಬರೆದುಕೊಂಡೆ. ಅಲ್ಲಿಗೆ ಕಿವಿಯನ್ನು ಕೈಬಿಟ್ಟೆ. ಉಳಿದದ್ದು ಮಿದುಳು. ಮಿದುಳು ಅಂದಮೇಲೆ ಏನೇನು ಹೆದರಿಕೆ ಬರಬೇಕೋ ಬಂದವು. ಆ ಹೆದರಿಕೆಯನ್ನು ಮನೆಯಲ್ಲಿ ಹೇಳಲಿಲ್ಲ.

ಮನೆಯಲ್ಲಿ ಹೇಳುವ ಅಗತ್ಯವೂ ಇರಲಿಲ್ಲ. ಅಷ್ಟರಲ್ಲಿ ಅವರು ಕಾರಣ ಕಂಡುಹಿಡಿದಿದ್ದರು.

"ಪುಸ್ತಕ ಮುಟ್ಟಿದ್ರೆ ತಿರುಗ್ತಾ ಐತೆ" ಅಂದಳು ಅಜ್ಜಿ. "ಬೆಳಿಗ್ಗೆ ಬುಟ್ಟಿ ಹೊತ್ಲು, ಏನಾರ ಆಯ್ತಾ? ಇಲ್ಲ. ಮನೆಗ್ ಬಂದು ಪುಸ್ತಕ ತೆಗುದ್ಲು, ಬಿದ್ಲು."

"ಬೆಳಿಗ್ಗೆ ಏಳುವಾಗಲೂ ಬರುತ್ತಲ್ಲ ಅಜ್ಜಿ, ಆವಾಗ ಪುಸ್ತಕ ಎಲ್ಲಿತ್ತು?"

"ರಾತ್ರಿ ಓದಿದ್ದು ಬೆಳಿಗ್ಗೆ ತಿರುಗ್ತದೆ. ತಿಂದಿದ್ದು ಆಮೇಲ್ ತಾನೆ ಹೊಟ್ಟೆ ನೋಯ್ಸೋದು?"

ನಗಬೇಕಾಗಿತ್ತು. ನಗು ಬರಲಿಲ್ಲ. ಯಾಕೆಂದರೆ ಅವಳು ಹೇಳಿದ್ದು ನಿಜವಾಗಿತ್ತು. ಮೇನ್ ರೋಡಿನಿಂದ ಅಂಗಡಿಗೆ ಐದು ಬುಟ್ಟಿ ಹೊತ್ತಾಗ ಒಂದು ಸಲವೂ ತಿರುಗಿರಲಿಲ್ಲ. ಒದ್ದೆ ಸಿಂಬಿ ಇಟ್ಟು ಮೂಲಂಗಿ ಬುಟ್ಟಿ ಹೊರಿಸಿ ಅವಳು ನನ್ನನ್ನು ಅಂಗಳದಲ್ಲಿ ಅತ್ತಿಂದಿತ್ತ ನಡೆಸಿದಳು. ಲೋಕ ಅಲುಗಾಡಲಿಲ್ಲ. ಬುಟ್ಟಿ ಇಳಿಸಿ ಚಪ್ಪಲಿ ಹುಡುಕಲು ಬಾಗಿದೆ. ಗಿರ್ ಅಂತ ಹೊರಟಿತು. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದೆ. ಪುಸ್ತಕ: ತಿರುಗುತ್ತದೆ. ಬುಟ್ಟಿ: ತಿರುಗುವುದಿಲ್ಲ. ಆ ಎರಡು ಸಾಲನ್ನು ಎಷ್ಟು ಹೊತ್ತು ನೋಡಿದೆನೋ. ಮೂರು ವರ್ಷ ನಾನು ಕಲಿತದ್ದು ಏನು? ಕಣ್ಣಿಗೆ ಕಂಡದ್ದನ್ನು ನಂಬು, ಬರೆದಿಡು ಅಂತ ತಾನೇ? ಕಂಡದ್ದೆಲ್ಲ ಅಜ್ಜಿಯ ಪರವಾಗಿತ್ತು.

ಅಪ್ಪ ಒಂದು ವಾರ ನೋಡಿದರು. ದೊಡ್ಡಪ್ಪ ಮಾತ್ರ ಹಲಗೆಯ ಆಚೆಯಿಂದ ದಿನಾ ಒಂದು ಮಾತು ಎಸೆಯುತ್ತಿದ್ದರು. "ತಲೆ ಅಂದ್ರೆ ಒಂದು ಅಳತೆ ಇರುತ್ತಪ್ಪಾ. ಐದ್ ಕೇಜಿ ಚೀಲಕ್ಕೆ ಹತ್ ಕೇಜಿ ತುಂಬಿದ್ರೆ ಹೊಲಿಗೆ ಬಿಟ್ಕೊಳಲ್ವಾ?" ಕೊನೆಗೆ ಅಪ್ಪ ಬಾಯಿ ತೆರೆದರು. "ಈ ಸಲ ಪರೀಕ್ಷೆ ಬೇಡ. ಜೀವ ಮುಖ್ಯ."

ಈ ಸಲ ಬೇಡ ಅಂದರೆ ಯಾವ ಸಲವೂ ಇಲ್ಲ. ಮೂರು ವರ್ಷ ಅಂತ ನಾನೇ ಒಪ್ಪಿದ್ದೆ. ಪ್ರಾಕ್ಟಿಕಲ್ ತಪ್ಪಿದರೆ ಡಿಗ್ರಿ ಇಲ್ಲ, ನಾಲ್ಕನೇ ವರ್ಷ ಕೇಳುವ ಬಾಯಿ ನನಗಿಲ್ಲ. ಅಪ್ಪನ ಮೇಲೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವರು ಹೆದರಿದ್ದರು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಅವರು ಹೇಳುತ್ತಿರುವುದೇ ಸರಿಯೇನೋ ಅಂತ ನನಗೇ ಅನ್ನಿಸತೊಡಗಿತ್ತು.

ಆಗ ಅಜ್ಜಿಯೇ ಒಂದು ಉಪಾಯ ಮಾಡಿದಳು. ಅವಳಿಗೆ ನಾನು ಓದುವುದು ಬೇಡ ಅಂತೇನೂ ಇರಲಿಲ್ಲ, ತಿರುಗುವುದು ನಿಲ್ಲಬೇಕಿತ್ತು ಅಷ್ಟೇ. "ಭಾರ ಇಟ್ಕೊಂಡೇ ಓದು" ಅಂದಳು. ನನ್ನನ್ನು ಅಂಗಳದಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಸಿಂಬಿ ಇಟ್ಟು, ಸೀಮೆಬದನೆ ತುಂಬಿದ ಬುಟ್ಟಿ ಇಟ್ಟಳು. ಬಾಗುವಂತಿಲ್ಲವಲ್ಲ, ಅಮ್ಮ ನನ್ನ ಮೂಗಿನ ನೇರಕ್ಕೆ ಪುಸ್ತಕ ಹಿಡಿದು ನಿಂತಳು. ಓದಿದೆ. ಒಂದು ಪುಟ. ಎರಡು ಪುಟ. "ತಿರುಗಿಸು" ಅಂದರೆ ಅಮ್ಮ ಹಾಳೆ ತಿರುಗಿಸುತ್ತಿದ್ದಳು. ನನ್ನ ತಲೆ ತಿರುಗಲಿಲ್ಲ.

ದೊಡ್ಡಪ್ಪ ಬಂದು ಬಾಗಿಲಲ್ಲಿ ನಿಂತರು. "ಇದೇನ್ ಸರ್ಕಸ್ಸು?"

"ಓದ್ತಾವ್ಳೆ, ಸುಮ್ಕಿರು" ಅಂದಳು ಅಜ್ಜಿ.

"ಪರೀಕ್ಷೆ ಹಾಲಿಗೂ ಸೀಮೆಬದನೆ ಹೊತ್ಕೊಂಡ್ ಹೋಯ್ತಾಳಾ? ಹಾಲ್ ಟಿಕೆಟ್ಟು ಎಲ್ಲಮ್ಮಾ ಅಂದ್ರೆ, ಬುಟ್ಟಿ ಇಳಿಸ್ಕೊಳಿ ಸಾರ್ ತೋರಿಸ್ತೀನಿ ಅಂತಾಳಾ?"

ಅಮ್ಮನಿಗೆ ನಗು ತಡೆಯಲಾಗಲಿಲ್ಲ, ಪುಸ್ತಕ ಅಲ್ಲಾಡಿತು. ನನಗೂ ನಗು. ಆದರೆ ಕತ್ತು ಅಲುಗಿಸದೆ ನಗಬೇಕು. ಅವತ್ತು ನೋಟ್‌ಬುಕ್ಕಿನಲ್ಲಿ ಮೂರನೇ ಸಾಲು ಬರೆದೆ. ಪುಸ್ತಕ ಮತ್ತು ಬುಟ್ಟಿ ಒಟ್ಟಿಗೆ: ತಿರುಗುವುದಿಲ್ಲ. ಹಾಗಿದ್ದರೆ ತಪ್ಪು ಪುಸ್ತಕದ್ದಲ್ಲ. ಹಾಗಿದ್ದರೆ ಯಾರದ್ದು? ಉತ್ತರ ಆ ಮೂರು ಸಾಲಿನೊಳಗೇ ಇತ್ತು ಅಂತ ಈಗ ಸುಲಭವಾಗಿ ಹೇಳಬಹುದು. ಆಗ ನನಗೆ ಕಾಣಲಿಲ್ಲ. ಅಜ್ಜಿಯ ಭಾರದಲ್ಲಿ ಏನೋ ಶಕ್ತಿ ಇರಬೇಕು ಅಂತಲೇ ಮನಸ್ಸು ಹೋಗುತ್ತಿತ್ತು. ಬಿ.ಎಸ್ಸಿ. ಮುಗಿಸುತ್ತಿರುವವಳಿಗೆ ಹೀಗೆ ಅನ್ನಿಸುತ್ತಿದೆಯಲ್ಲ ಅಂತ ನಾಚಿಕೆಯೂ ಆಗುತ್ತಿತ್ತು.

ಪ್ರಾಕ್ಟಿಕಲ್‌ಗೆ ಎಂಟು ದಿನ ಇರುವಾಗ, ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಬೇಕು ಅಂತ ಹೇಳಿ ಕಾಲೇಜಿಗೆ ಹೋದೆ. ಮೆಟ್ರೊದ ಎಸ್ಕಲೇಟರಿನಲ್ಲಿ ಕೆಳಗೆ ನೋಡದೆ, ಮೇಲೆ ನೋಡದೆ, ತಲೆ ಮೇಲೆ ಕಾಣದ ಬುಟ್ಟಿಯೊಂದಿದೆ ಅಂತ ಅಂದುಕೊಂಡು ನಿಂತೆ. ಲ್ಯಾಬಿನಲ್ಲಿ ಎಲ್ಲರೂ ಸ್ಲೈಡು ನೋಡಿ ಅಭ್ಯಾಸ ಮಾಡುತ್ತಿದ್ದರು. ಆಸೆಯಾಯಿತು. ಮೈಕ್ರೋಸ್ಕೋಪಿಗೆ ಬಾಗಿದೆ. ನೀಲಿ, ಗುಲಾಬಿ ಬಣ್ಣದ ಜೀವಕೋಶಗಳು ಒಂದು ಕ್ಷಣ ಕಂಡವು. ಮರುಕ್ಷಣ ಅವೂ ಹರಿಯತೊಡಗಿದವು. ಸ್ಟೂಲಿನಿಂದ ಜಾರಿ ಕೂತುಬಿಟ್ಟೆ.

ಪ್ರಾಣಿಶಾಸ್ತ್ರದ ಮೇಡಂ ಓಡಿಬಂದರು. ಗದರಿಸುವುದರಲ್ಲೇ ಹೆಸರಾದವರು. ನೀರು ಕೊಟ್ಟು ಕೇಳಿದರು. "ಎಷ್ಟು ಹೊತ್ತು ಇರುತ್ತೆ?"

"ಅರ್ಧ ನಿಮಿಷ ಮೇಡಂ."

"ಹಾಸಿಗೇಲಿ ಮಗ್ಗುಲಾದಾಗ?"

"ಬರುತ್ತೆ. ಬಲಕ್ಕೆ ತಿರುಗಿದ್ರೆ."

"ಸುಮ್ನೆ ನೆಟ್ಟಗೆ ನಿಂತಿದ್ರೆ?"

"ಬರಲ್ಲ."

"ಇಎನ್‌ಟಿಗೆ ತೋರಿಸಿದ್ಯಾ?"

"ಕಿವಿ ಚೆನ್ನಾಗಿ ಕೇಳಿಸುತ್ತೆ ಮೇಡಂ. ನಾನೇ ಟೆಸ್ಟ್ ಮಾಡ್ಕೊಂಡಿದೀನಿ."

ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಕೇಳೋದು ಮಾತ್ರಾನಾ ಕಿವಿ ಕೆಲಸ? ಹೋದ ವರ್ಷ ಮೀನಿನ ತಲೆ ಬಿಚ್ಚಿ ಇಕ್ಕಳದಲ್ಲಿ ಏನ್ ತೆಗೆದೆ ನೀನು? ಬಿಳೀದು?"

ಕಲ್ಲು. ಮೀನಿನ ಕಿವಿಯೊಳಗಿನ ಕಲ್ಲು. ಅಕ್ಕಿನುಚ್ಚಿನಷ್ಟು ಗಾತ್ರದ್ದು. ನಾನೇ ತೆಗೆದು ಕಪ್ಪು ಕಾಗದದ ಮೇಲಿಟ್ಟು ಚಿತ್ರ ಬರೆದಿದ್ದೆ, ಮೇಡಂ ಅದಕ್ಕೆ ಒಳ್ಳೆಯ ಅಂಕವನ್ನೂ ಕೊಟ್ಟಿದ್ದರು. ಮೀನಿಗೆ ಮೇಲೆ ಯಾವುದು ಕೆಳಗೆ ಯಾವುದು ಅಂತ ತಿಳಿಯುವುದು ಆ ಕಲ್ಲಿನಿಂದ. ಮೀನಿಗೆ ಇರುವುದು ನನಗೂ ಇರುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಓದಿದ್ದು ಮೀನಿನದು, ಬರೆದಿದ್ದು ಪರೀಕ್ಷೆಗೆ. ನನ್ನ ತಲೆ ಬೇರೆ ಅಂದುಕೊಂಡಿದ್ದೆ.

ಮಾರನೇ ದಿನವೇ ಸರ್ಕಾರಿ ಆಸ್ಪತ್ರೆಗೆ ಹೊರಟೆ. ಅಜ್ಜಿ ಜೊತೆಗೆ ಬರುತ್ತೇನೆಂದು ಹಟ ಹಿಡಿದಳು. ಕೈಚೀಲದಲ್ಲಿ ಒದ್ದೆ ಸಿಂಬಿ. ಸರದಿ ಬಂದಾಗ ಒಳಗೆ ಇದ್ದವರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಎಲ್ಲ ಕೇಳಿಸಿಕೊಂಡು, "ತಲೆಗೆ ಏಟೇನಾದ್ರೂ ಬಿದ್ದಿತ್ತಾ?" ಅಂದರು.

"ಇಲ್ಲ" ಅಂದೆ.

"ಶಟರ್ ಬಡಿದಿರ್ಲಿಲ್ವಾ?" ಅಂದಳು ಅಜ್ಜಿ. "ಅರಿಶಿನ ಹಚ್ಚಿದ್ನಲ್ಲ ನಾನು?"

ಹೌದು. ಮೊದಲ ಸಲ ತಿರುಗುವುದಕ್ಕೆ ನಾಲ್ಕೈದು ದಿನ ಮುಂಚೆ, ಅರ್ಧ ಇಳಿಸಿದ್ದ ಶಟರಿಗೆ ತಲೆ ಹೊಡೆಸಿಕೊಂಡಿದ್ದೆ. ಬುಗುಟೆ ಇಳಿದ ಮೇಲೆ ಮರೆತೇಹೋಗಿತ್ತು.

ಡಾಕ್ಟರು ನನ್ನನ್ನು ಮಂಚದ ಮೇಲೆ ಕೂರಿಸಿ, ಮುಖ ಬಲಕ್ಕೆ ತಿರುಗಿಸಿ, ಎರಡೂ ಕೈಯಲ್ಲಿ ತಲೆ ಹಿಡಿದು, ದಡಕ್ಕನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಕೆಳಗೆ ಜೋತುಬಿತ್ತು. ಎರಡು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಆಸ್ಪತ್ರೆಯ ಸೂರೇ ಗಿರಗಿರನೆ ಹೊರಟಿತು. ನಾನು ಕಿರುಚಿದೆ. ನನಗಿಂತ ಜೋರಾಗಿ ಅಜ್ಜಿ.

"ಬಿಡವ್ವಾ! ಮಗೂನ ಸಾಯಿಸ್ತೀಯಾ?"

"ಅಜ್ಜಿ, ಕೂಗಾಡ್ಬೇಡಿ. ಇಲ್ ಬನ್ನಿ, ಇವಳ ಕಣ್ಣು ನೋಡಿ."

ಅಜ್ಜಿ ಬಗ್ಗಿದಳು. ಅವಳ ಮುಖ ನನಗೆ ತಲೆಕೆಳಗಾಗಿ, ಓಡುತ್ತಾ ಕಂಡಿತು. "ಅಯ್ಯೋ, ಕಣ್ ಗುಡ್ಡೆ ಜಗ್ತಾವಲ್ಲಾ! ಯಾರೋ ದಾರ ಕಟ್ಟಿ ಎಳ್ದಂಗೆ!"

ನಿಂತಿತು. ಡಾಕ್ಟರಿಗೆ ನಗುಮುಖ. ನನಗದು ಸಿಟ್ಟು ತರಿಸಿತು. ಅವರು ಹೇಳಿದ್ದು ಹೀಗೆ: ಕಿವಿಯ ಒಳಭಾಗದಲ್ಲಿ ಸಣ್ಣ ಸಣ್ಣ ಹರಳುಗಳು ಒಂದು ಅಂಟಿನ ಮೇಲೆ ಕೂತಿರುತ್ತವೆ. ತಲೆ ವಾಲಿದರೆ ಅವು ವಾಲುತ್ತವೆ, ಭೂಮಿ ಯಾವ ಕಡೆ ಅಂತ ಮಿದುಳಿಗೆ ತಿಳಿಯುತ್ತದೆ. ಪಕ್ಕದಲ್ಲೇ ನೀರು ತುಂಬಿದ ಮೂರು ಉಂಗುರದ ಕೊಳವೆಗಳು. ತಲೆ ತಿರುಗಿಸಿದಾಗ ಆ ನೀರು ಹಿಂದೆ ಉಳಿಯುತ್ತದೆ, ತಿರುಗಿದ್ದೇವೆ ಅಂತ ಸುದ್ದಿ ಹೋಗುತ್ತದೆ. ಏಟು ಬಿದ್ದು ನನ್ನ ಕೆಲವು ಹರಳು ಉದುರಿ ಬಲಗಿವಿಯ ಒಂದು ಕೊಳವೆಗೆ ಸೇರಿವೆ. ತಲೆ ಬಾಗಿದರೆ ಅವು ಒಳಗೆ ಉರುಳುತ್ತವೆ, ನೀರನ್ನು ಎಳೆಯುತ್ತವೆ. ನಾನು ನಿಂತಿದ್ದರೂ ತಿರುಗುತ್ತಿದ್ದೇನೆ ಅಂತ ಕಿವಿ ಹೇಳುತ್ತದೆ. ಕಣ್ಣು ಅದನ್ನು ನಂಬಿ ಓಡುತ್ತದೆ. ಕಾಲು ಮಾತ್ರ ಇಲ್ಲ ಅನ್ನುತ್ತದೆ.

ನನಗೆ ಅರ್ಥವಾಗುವ ಮುಂಚೆ ಅಜ್ಜಿಗೆ ಆಯಿತು. "ಸೊಪ್ಪು ತೊಳಿಯೋ ಟಬ್ಬಲ್ಲಿ ಮಣ್ಣು ಅಡೀಲಿ ಕೂತಿರ್ತದಲ್ಲಾ, ಟಬ್ಬು ವಾಲ್ಸಿದ್ರೆ ಮಣ್ಣು ಓಡ್ತದೆ. ಅಂಗಾ?"

"ಹಂಗೇ ಅಜ್ಜಿ. ಈಗ ನಾನು ಟಬ್ಬನ್ನ ಒಂದೊಂದೇ ಕಡೆ ವಾಲಿಸಿ ಆ ಮಣ್ಣನ್ನ ಹೊರಗೆ ಕಳಿಸ್ತೀನಿ."

"ಅಂಗಾರೆ ತಲೆ ಮ್ಯಾಲೆ ಭಾರ ಇಟ್ಟಾಗ ಯಾಕ್ ತಿರುಗ್ಲಿಲ್ಲ?"

ಯಾವ ಭಾರ ಅಂತ ಡಾಕ್ಟರಿಗೆ ತಿಳಿಯಲಿಲ್ಲ. ಅಜ್ಜಿ ಚೀಲದಿಂದ ಸಿಂಬಿ ತೆಗೆದು ತೋರಿಸಿ, ಮೂಲಂಗಿ, ಸೀಮೆಬದನೆ ಎಲ್ಲ ವಿವರಿಸಿದಳು. ಡಾಕ್ಟರು ಕೇಳಿದರು. "ಬುಟ್ಟಿ ಇಟ್ಕೊಂಡಾಗ ತಲೆ ಬಗ್ಗಿಸ್ತಾಳಾ?"

"ಬಗ್ಗಿಸಿದ್ರೆ ಬುಟ್ಟಿ ಬೀಳ್ತದಲ್ಲವ್ವಾ!"

"ಅದಕ್ಕೇ ತಿರುಗ್ಲಿಲ್ಲ. ಭಾರದಿಂದಲ್ಲ. ತಲೆ ನೆಟ್ಟಗಿತ್ತು, ಹರಳು ಅಲ್ಲಾಡ್ಲಿಲ್ಲ."

ಅಜ್ಜಿ ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. ಸಿಂಬಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಡಾಕ್ಟರು ನನ್ನನ್ನು ಮತ್ತೆ ಮಲಗಿಸಿ, ತಲೆಯನ್ನು ಬಲದಿಂದ ಎಡಕ್ಕೆ, ಆಮೇಲೆ ಮೈಯೆಲ್ಲ ಎಡಮಗ್ಗುಲಿಗೆ, ಮುಖ ನೆಲದ ಕಡೆಗೆ, ಒಂದೊಂದು ಭಂಗಿಯಲ್ಲೂ ಸ್ವಲ್ಪ ಹೊತ್ತು ಇರಿಸಿ, ಕೊನೆಗೆ ಎಬ್ಬಿಸಿ ಕೂರಿಸಿದರು. ಇನ್ನೊಂದು ಸಲ ಅದೇ. ಮಾತ್ರೆ ಇಲ್ಲ, ಚುಚ್ಚುಮದ್ದು ಇಲ್ಲ. ಇಷ್ಟೇನಾ ಅಂತ ಕೇಳಿದೆ. ಇಷ್ಟೇ ಅಂದರು. ಒಂದು ತಿಂಗಳ ಕಾಲ ನನ್ನ ಲೋಕವನ್ನು ಬುಡಮೇಲು ಮಾಡಿದ್ದು ಕಣ್ಣಿಗೆ ಕಾಣದ ಪುಡಿ ಅಂತ ನಂಬುವುದು ಹೇಗೆ? ಅಷ್ಟು ಹೆದರಿದ್ದಕ್ಕಾದರೂ ಅದು ಸ್ವಲ್ಪ ದೊಡ್ಡದಾಗಿರಬೇಕಿತ್ತು ಅಂತ ಅನ್ನಿಸಿತು. ವಿಚಿತ್ರ ಅನ್ನಿಸಬಹುದು, ಆದರೆ ಹಾಗೇ ಅನ್ನಿಸಿದ್ದು.

ವಾಸಿಯಾದೆನಾ? ಅದೂ ಗೊತ್ತಾಗಲಿಲ್ಲ. ಎರಡು ದಿನ ನೆಲ ಹತ್ತಿಯ ಹಾಗಿತ್ತು. ಕಾಲಿಟ್ಟ ಕಡೆ ಸ್ವಲ್ಪ ಇಳಿದಂತೆ. ಆದರೆ ಬಲಕ್ಕೆ ಮಗ್ಗುಲಾದರೂ ಗೋಡೆ ಹರಿಯಲಿಲ್ಲ. ನಿಂತಿದೆ ಅನ್ನುವುದನ್ನು ನಂಬದೆ ಮತ್ತೆ ಮತ್ತೆ ಮಗ್ಗುಲಾಗಿ ನೋಡುತ್ತಿದ್ದೆ. ಅಜ್ಜಿ ಹೇಳಿದ್ದು ಸುಳ್ಳೇ ಅಂತ ಯೋಚಿಸುತ್ತಿದ್ದೆ. ಸುಳ್ಳಲ್ಲ, ಭಾರ ಇಟ್ಟಾಗ ನಿಜವಾಗಿ ನಿಲ್ಲುತ್ತಿತ್ತು. ಹಾಗಂತ ನಿಜವೂ ಅಲ್ಲ. ಇವತ್ತಿಗೂ ಅದನ್ನು ಯಾವ ಕಡೆಗೆ ಸೇರಿಸಬೇಕೋ ನನಗೆ ತಿಳಿದಿಲ್ಲ.

ಪರೀಕ್ಷೆಗೆ ಕಳಿಸುವ ಮಾತು ಅಂಗಡಿಯಲ್ಲೇ ಬಂತು. ಅಪ್ಪ ಕೇಳಿದರು. "ಪೂರ್ತಿ ಹೋಯ್ತಾ?"

"ಗೊತ್ತಿಲ್ಲ ಅಪ್ಪ. ಹೋಗಿರಬೇಕು."

"ಗೊತ್ತಿಲ್ಲ ಅಂದ್ರೆ ಹೆಂಗ್ ಕಳಿಸೋದು? ಅಲ್ಲಿ ಬಿದ್ರೆ?"

ಹಲಗೆಯ ಆಚೆಯಿಂದ ದೊಡ್ಡಪ್ಪ: "ನಾನ್ ಆವತ್ತೇ ಹೇಳ್ದೆ, ಓದೂ ಬ್ಯಾಡ, ಏನೂ ಬ್ಯಾಡ ಅಂತ. ತಲೆ ತಡ್ಕೊಳ್ಳಲ್ಲ."

ಅಜ್ಜಿ ದಂಟಿನ ಸೊಪ್ಪು ಕಟ್ಟುತ್ತಿದ್ದಳು. ಕಟ್ಟುವುದನ್ನು ನಿಲ್ಲಿಸದೆ ಹೇಳಿದಳು. "ಓದಿಂದ ಬಂದಿದ್ದಲ್ಲ ಅದು. ಶಟರಿಂದ ಬಂದಿದ್ದು. ಅವಳ ಕಣ್ಣು ನಾನೇ ನೋಡಿವ್ನಿ. ಶಟರ್ನ ಅರ್ಧಕ್ಕೆ ಎಳ್ದು ಟೀ ಕುಡಿಯಕ್ಕೆ ಹೋಗೋನು ಯಾರ್ಲಾ ನಮ್ಮಲ್ಲಿ?"

ಹಲಗೆಯ ಆಚೆ ಆಲೂಗಡ್ಡೆ ಆರಿಸುವ ಸದ್ದು ಜೋರಾಯಿತು. ಶಟರ್ ಅರ್ಧ ಇಳಿಸುವ ಅಭ್ಯಾಸ ದೊಡ್ಡಪ್ಪನೊಬ್ಬರದೇ. ಇಡೀ ಬೀದಿಗೆ ಗೊತ್ತು. ಅಪ್ಪ ತಕ್ಕಡಿಯ ಬಟ್ಟಲು ಒರೆಸುತ್ತಾ ಬಾಯಿ ಬಿಗಿ ಹಿಡಿದಿದ್ದರು, ನಗು ತಡೆಯಲು ಇರಬೇಕು. ಆಮೇಲೆ ಹಲಗೆ ಆಚೆಯಿಂದ ಸಣ್ಣ ದನಿ. "ಬೇಕಾರೆ ಆಟೋದಲ್ಲಿ ಕಳ್ಸು. ಮೆಟ್ರೊ ಬ್ಯಾಡ, ಮೆಟ್ಲು ಜಾಸ್ತಿ."

ಅಪ್ಪನೇ ಸ್ಕೂಟರಿನಲ್ಲಿ ಬಿಟ್ಟರು. ಮಲ್ಲೇಶ್ವರದವರೆಗೂ ಒಂದು ಗುಂಡಿ ಬಿಡದೆ ನಿಧಾನ ಮಾಡಿದರು. ನೀನು ಬರುವವರೆಗೂ ಗೇಟಿನ ಹೊರಗೇ ನಿಂತಿರುತ್ತೇನೆ ಅಂದರು.

ಮೈಕ್ರೋಸ್ಕೋಪಿನ ಮುಂದೆ ಕೂತೆ. ಬಾಗಿದೆ. ಬಾಗಿ ಕಾದೆ. ಒಂದು, ಎರಡು, ಮೂರು ಅಂತ ಎಣಿಸಿದೆ. ಈಗ ಬರುತ್ತೆ, ಈಗ ಹರಿಯುತ್ತೆ ಅಂತ ಮೇಜಿನ ಅಂಚು ಹಿಡಿದಿದ್ದೆ. ಗುಲಾಬಿ ಬಣ್ಣದ ಗೆರೆಗಳು ಇದ್ದಲ್ಲೇ ಇದ್ದವು. ಅಷ್ಟು ಹೊತ್ತು ಅವು ಅಲುಗಾಡುತ್ತವಾ ಅಂತ ನೋಡಿದೆನೇ ಹೊರತು ಅದು ಯಾವ ಅಂಗದ ಸ್ಲೈಡು ಅಂತ ನೋಡಲೇ ಇಲ್ಲ. ಗಂಟೆ ಹೊಡೆದರು, ಮುಂದಿನ ಮೇಜಿಗೆ ಹೋಗಬೇಕು. ಆ ಒಂದು ಉತ್ತರ ಖಾಲಿ ಬಿಟ್ಟೆ. ಮಿಕ್ಕವು ಬರೆದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೌಖಿಕದಲ್ಲಿ ಏನೇನೋ ಕೇಳಿದರು. ಹೇಳಿದೆ. ಏನು ಹೇಳಿದೆ ಅಂತ ನೆನಪಿಲ್ಲ. ಗೇಟಿನ ಹೊರಗೆ ಅಪ್ಪ ನನ್ನ ಮುಖ ನೋಡಿ "ಬಿದ್ಯಾ?" ಅಂತ ಮಾತ್ರ ಕೇಳಿದರು. "ಇಲ್ಲ" ಅಂದೆ. ಅವರಿಗೆ ಅಷ್ಟು ಸಾಕಾಗಿತ್ತು.

ಬರವಣಿಗೆಯ ಪರೀಕ್ಷೆಗಳೂ ಮುಗಿದವು. ಪಾಸಾದೆ. ಮೊದಲ ದರ್ಜೆ, ಅಂಚಿನಲ್ಲಿ. ಬಿಟ್ಟ ಸ್ಲೈಡು ಯಾವುದಾಗಿತ್ತು ಅಂತ ಮೇಡಂ ಕೇಳಿದರು, ನನಗೆ ಹೇಳಲು ಗೊತ್ತಾಗಲಿಲ್ಲ. ನಮ್ಮ ಎರಡೂ ಕಡೆಯ ನೆಂಟರಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಈ ಮಾತನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ, ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಸರ್ಟಿಫಿಕೇಟು ಕೈಗೆ ಬರಲು ತಿಂಗಳುಗಳೇ ಹಿಡಿದವು. ಕಾಲೇಜಿನ ಆಫೀಸಿನ ಕಿಟಕಿಯಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟರು. ಒಂದು ದಪ್ಪ ಕಾಗದ, ಮೇಲೆ ಕನ್ನಡ, ಕೆಳಗೆ ಇಂಗ್ಲಿಷು, ಮುದ್ರೆ. ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು ಎದೆಗೆ ಅವುಚಿಕೊಂಡು ನೇರ ಅಂಗಡಿಗೆ ಬಂದೆ. ಅಪ್ಪ ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದರು. ದೊಡ್ಡಪ್ಪ ಎದ್ದು ಬಂದು ಇಣುಕಿ ನೋಡಿದರು, ಮುದ್ರೆಯ ಮೇಲೆ ಬೆರಳಿಡಲು ಹೋಗಿ ಹಿಂದೆಗೆದುಕೊಂಡರು. ಬೆರಳಲ್ಲಿ ಈರುಳ್ಳಿಯ ಮಣ್ಣಿತ್ತು.

ಅಜ್ಜಿ ಕೈಯನ್ನು ಸೀರೆಗೆ ಎರಡು ಸಲ ಒರೆಸಿಕೊಂಡು ಚಾಚಿದಳು. ಫೋಲ್ಡರಿನಿಂದ ತೆಗೆದು ಅವಳ ಅಂಗೈ ಮೇಲಿಟ್ಟೆ. ಅವಳಿಗೆ ಓದು ಬರುವುದಿಲ್ಲ. ಅಕ್ಷರ ನೋಡಲಿಲ್ಲ. ಎರಡೂ ಅಂಗೈಯಲ್ಲಿ ಅದನ್ನು ಮೇಲೆ ಕೆಳಗೆ ಸ್ವಲ್ಪ ತೂಗಿದಳು. ನನ್ನ ಮುಖ ನೋಡಿದಳು, ಮತ್ತೆ ಕಾಗದ ನೋಡಿದಳು.

"ಇಷ್ಟ್ ಹಗುರ ಇರೋದಕ್ಕಾ ಮಗಾ, ಅಷ್ಟೊಂದ್ ತಲೆ ತಿರುಗಿದ್ದು?"